ಇಳಿಜಾರಿನಲ್ಲಿ ತಿರುಗುವ ಹ್ಯಾಂಡಲ್



ಸೈಕಲ್ ಹೊಗೆಯುಗುಳದ ವಾಹನವೆಂದು ಹೊಗಳುವುದು ಸುಲಭ. ಆದರೆ ಘಾಟಿಯ ಇಳಿತದಲ್ಲಿ ಬ್ರೇಕ್ ಹಿಡಿದ ಕ್ಷಣವೇ ಹ್ಯಾಂಡಲ್ ತಿರುಗಿ ಕೆಳಕ್ಕೆ ಬಾಗಿದರೆ ಆ ಹೊಗಳಿಕೆ ಸವಾರನನ್ನು ಕಾಯದು. ಇಳಿಜಾರಿನಲ್ಲಿ ದೇಹದ ಭಾರ ಅಂಗೈಗಳ ಮೇಲೆ ಬೀಳುವುದರಿಂದ, ಸಮತಟ್ಟಿನಲ್ಲಿ ಅಡಗಿದ್ದ ದೋಷ ಅಲ್ಲಿಯೇ ಪ್ರಕಟವಾಗುತ್ತದೆ.

ಹಳೆಯ ಕಡ್ಡಿಬ್ರೇಕಿನ ಸೈಕಲ್ಲುಗಳಲ್ಲಿ ಹ್ಯಾಂಡಲ್ ಮತ್ತು ಸ್ಟೆಮ್ ಸಾಮಾನ್ಯವಾಗಿ ಬೆಸೆದ ಒಂದೇ ತುಂಡು. ನೇರ ಹ್ಯಾಂಡಲಿನ ಈಚಿನ ಸೈಕಲ್ಲುಗಳಲ್ಲಿ ಸ್ಟೆಮ್ಮಿನ ತುದಿಯ ಕ್ಲ್ಯಾಂಪು ಹ್ಯಾಂಡಲನ್ನು ಅಪ್ಪಿ ಹಿಡಿಯುತ್ತದೆ. ಹಿಡಿದಿರುವುದು ಬೋಲ್ಟಲ್ಲ, ಘರ್ಷಣೆ. ಇದನ್ನರಿಯದೆ ಬೋಲ್ಟನ್ನು ಮತ್ತೆ ಮತ್ತೆ ಬಿಗಿದು ಥ್ರೆಡ್ ಕೆಡಿಸುವವರೇ ಹೆಚ್ಚು.

ಮೊದಲು ಕ್ಲ್ಯಾಂಪಿನ ಸೀಳನ್ನು ನೋಡಬೇಕು. ಬಿಗಿದ ಮೇಲೂ ಅದರ ಎರಡು ತುಟಿಗಳ ನಡುವೆ ಸಂದು ಉಳಿದಿರಬೇಕು. ತುಟಿಗಳು ಕೂಡಿಕೊಂಡಿದ್ದರೆ ಬೋಲ್ಟಿನ ಬಲವೆಲ್ಲ ಅವುಗಳನ್ನೇ ಒತ್ತುವುದರಲ್ಲಿ ವ್ಯಯವಾಗುತ್ತದೆ. ಹ್ಯಾಂಡಲಿಗೆ ಏನೂ ತಲುಪದು. ಕ್ಲ್ಯಾಂಪು 26.0 ಮಿ.ಮೀ. ವ್ಯಾಸದ್ದಾಗಿದ್ದು ಹ್ಯಾಂಡಲ್ 25.4 ಮಿ.ಮೀ. ಆಗಿದ್ದರೆ ಹೀಗಾಗುವ ಸಂಭವವುಂಟು. ಸರಿಯಾದ ಅಳತೆಯ ಭಾಗ ಸಿಗುವವರೆಗೆ ಅಲ್ಯೂಮಿನಿಯಂ ಡಬ್ಬಿಯ ತಗಡನ್ನು ಕ್ಲ್ಯಾಂಪಿನಷ್ಟೇ ಅಗಲಕ್ಕೆ ಕತ್ತರಿಸಿ, ತುದಿಗಳು ಒಂದರ ಮೇಲೊಂದು ಏರದಂತೆ ಸುತ್ತಬಹುದು. ಆ ತಗಡಿನ ದಪ್ಪ ಸುಮಾರು 0.1 ಮಿ.ಮೀ.; ಈ ವ್ಯತ್ಯಾಸಕ್ಕೆ ಮೂರು ಪದರ ಬೇಕು. ಪ್ರವಾಸಿಗರ ಕೃಪೆಯಿಂದ ಘಾಟಿಯ ಅಂಚಿನಲ್ಲಿ ಅಂತಹ ಡಬ್ಬಿಗಳಿಗೆ ಬರವಿಲ್ಲ!

ಸಂದು ಸರಿಯಿದ್ದೂ ಜಾರಿದರೆ ಎಣ್ಣೆಯನ್ನು ಶಂಕಿಸಬೇಕು. ಮಳೆಗಾಲಕ್ಕೆ ಮುನ್ನ ತುಕ್ಕಿನ ಭಯದಿಂದ ಸೈಕಲ್ಲಿಗೆಲ್ಲ ಎಣ್ಣೆ ಸವರುವ ರೂಢಿ ನಮ್ಮ ಊರುಗಳಲ್ಲಿದೆ. ಬೋಲ್ಟಿನ ಥ್ರೆಡ್ಡಿಗೆ ಅದು ಹಿತ, ಕ್ಲ್ಯಾಂಪಿನ ಒಳಮೈಗೆ ಅಹಿತ. ಕ್ಲ್ಯಾಂಪು ಬಿಚ್ಚಿ, ಎರಡೂ ಮೈಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಸಂಪೂರ್ಣ ಒಣಗಿದ ಮೇಲೆ ಜೋಡಿಸಬೇಕು. ನಾಲ್ಕು ಬೋಲ್ಟುಗಳಿದ್ದರೆ ಎದುರುಬದುರು ಮೂಲೆಗಳನ್ನು ಸರದಿಯಂತೆ ತುಸುತುಸುವೇ ಬಿಗಿಯಬೇಕು. ಸ್ಟೆಮ್ಮಿನ ಮೇಲೆ 5 ನ್ಯೂಟನ್ ಮೀಟರ್ ಎಂದು ನಮೂದಿಸಿದ್ದರೆ, 10 ಸೆಂ.ಮೀ. ಉದ್ದದ ಕೀಲಿಯ ತುದಿಯಲ್ಲಿ ಸುಮಾರು 5 ಕಿಲೋ ಭಾರ ತೂಗಿದಷ್ಟು ಬಲವೆಂದು ತಿಳಿಯಬೇಕು.

ಕ್ಲ್ಯಾಂಪಿನಲ್ಲಿ ಅಥವಾ ಹ್ಯಾಂಡಲಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ದುರಸ್ತಿಯ ಮಾತು ಬೇಡ. ಆ ಭಾಗವನ್ನು ಬದಲಿಸಲೇಬೇಕು. ಮಿತವ್ಯಯಕ್ಕೂ ಮಿತಿಯುಂಟು.

ಕೊನೆಯಲ್ಲಿ ಹ್ಯಾಂಡಲ್ ಮತ್ತು ಕ್ಲ್ಯಾಂಪು ಎರಡನ್ನೂ ದಾಟುವಂತೆ ಉಗುರುಬಣ್ಣದಿಂದ ಒಂದು ಗೆರೆ ಎಳೆದು, ನಿಂತ ಸೈಕಲ್ಲಿನ ಹಿಡಿಗಳ ಮೇಲೆ ಮೈಭಾರ ಬಿಟ್ಟು ಒತ್ತಬೇಕು. ಗೆರೆ ತುಂಡಾಗಿ ಸರಿದಿದ್ದರೆ ಅಂದು ಮಕ್ಕಳನ್ನು ಶಾಲೆಗೆ ನಡೆದೇ ಕಳುಹಿಸಬೇಕು.