ಕುಂಡದ ಗಿಡಕ್ಕೂ ಒಂದು ಊರಿದೆ

ಮಕ್ಕಳೇ, ನಿಮ್ಮ ಮನೆಯಲ್ಲಿ ಒಂದು ಮನಿ ಪ್ಲಾಂಟ್ ಇರಬಹುದು. ಇಲ್ಲದಿದ್ದರೆ ಪಕ್ಕದ ಮನೆಯಲ್ಲಾದರೂ ಇದ್ದೀತು. ಕೋಲಾರದ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ, ಮಾಲೂರಿನ ಮನೆಗಳ ಕಿಟಕಿಯಲ್ಲಿ, ಮುಳಬಾಗಿಲಿನ ಮೆಟ್ಟಿಲ ಕೆಳಗೆ, ಹೀಗೆ ಎಲ್ಲೆಂದರಲ್ಲಿ ಅದು ಹಬ್ಬಿರುತ್ತದೆ. ಒಂದು ಗೆಣ್ಣು ಮುರಿದು ನೀರಿನ ಬಾಟಲಿಗೆ ಹಾಕಿದರೆ ಸಾಕು, ಬೇರು ಬಿಡುತ್ತದೆ. ಇಷ್ಟು ಸಲೀಸಾಗಿ ಬೆಳೆಯುವುದರಿಂದ ಇದು ನಮ್ಮದೇ ಗಿಡ ಎಂದುಕೊಳ್ಳುತ್ತೇವೆ. ಆದರೆ ಇದರ ಹುಟ್ಟೂರು ಪೆಸಿಫಿಕ್ ಸಾಗರದ ನಡುವೆ, ತಹೀತಿಯ ಪಕ್ಕದಲ್ಲಿರುವ ಮೋರೆಯಾ ಎಂಬ ಪುಟ್ಟ ದ್ವೀಪ.

ಇನ್ನೊಂದು ವಿಷಯ ಗಮನಿಸಿದ್ದೀರಾ? ಮನಿ ಪ್ಲಾಂಟಿನಲ್ಲಿ ನೀವು ಹೂ ನೋಡಿರುವುದಿಲ್ಲ. ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಕೆಲಸದಲ್ಲಿ ಅದಕ್ಕೊಂದು ಕೊರತೆಯಿದೆ. ಹೂವಿಲ್ಲದ ಮೇಲೆ ಬೀಜವೂ ಇಲ್ಲ. ಹಾಗಾಗಿ ಒಬ್ಬರಿಂದ ಒಬ್ಬರಿಗೆ ತುಂಡುಗಳಾಗಿಯೇ ದಾಟುತ್ತಾ ಅದು ಲೋಕವನ್ನೆಲ್ಲ ಸುತ್ತಿದೆ.

ಈಗ ಒಂದು ಪ್ರಶ್ನೆ. ನರ್ಸರಿಯಿಂದ ಗಿಡ ತರುವಾಗ ‘ಇದು ಉಷ್ಣವಲಯದ ಗಿಡ, ಬಿಸಿಲ ಸೀಮೆಯಲ್ಲಿ ಚೆನ್ನಾಗಿ ಬರುತ್ತೆ’ ಎಂದು ಹೇಳಿ ಕೊಡುತ್ತಾರೆ. ನಮ್ಮದೂ ಬಿಸಿಲ ಸೀಮೆಯೇ. ಕೋಲಾರ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿ. ಉಷ್ಣವಲಯದ ಉತ್ತರದ ಗಡಿಯಾದ ಕರ್ಕಾಟಕ ಸಂಕ್ರಾಂತಿ ವೃತ್ತ ಇರುವುದು ಇಪ್ಪತ್ತಮೂರೂವರೆ ಡಿಗ್ರಿಯಲ್ಲಿ. ಅಂದರೆ ನಾವು ಉಷ್ಣವಲಯದ ಒಳಗೇ ಇದ್ದೇವೆ. ಹಾಗಿದ್ದೂ ಏಪ್ರಿಲ್ ಬಂತೆಂದರೆ ಆ ಗಿಡದ ಎಲೆಯ ಅಂಚು ಏಕೆ ಸುಟ್ಟು ಕಂದಾಗುತ್ತದೆ?

ಉಷ್ಣವಲಯವೆಲ್ಲ ಒಂದೇ ಬಗೆಯದಲ್ಲ. ಅದರಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯೂ ಸೇರಿದೆ, ಏಳುನೂರೈವತ್ತರ ಆಸುಪಾಸಿನಲ್ಲೇ ಮುಗಿದುಹೋಗುವ ಕೋಲಾರವೂ ಸೇರಿದೆ. ನಮ್ಮಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ತುಂಬಿದರೆ ಹಬ್ಬ. ಕುಂಡದ ಗಿಡಕ್ಕೆ ತೊಂದರೆ ಕೊಡುವುದು ಬಿಸಿಗಿಂತ ಹೆಚ್ಚಾಗಿ ಒಣಗಾಳಿ. ಎಲೆಯಲ್ಲಿ ಪತ್ರರಂಧ್ರಗಳೆಂಬ ಸಣ್ಣ ಬಾಯಿಗಳಿವೆ ಎಂದು ಶಾಲೆಯಲ್ಲಿ ಓದಿರುತ್ತೀರಿ. ಅವುಗಳ ಮೂಲಕ ಗಿಡ ನೀರನ್ನು ಆವಿಯಾಗಿ ಬಿಡುತ್ತದೆ. ಗಾಳಿ ಒಣಗಿದ್ದಷ್ಟೂ ಆವಿ ಬೇಗ ಹೋಗುತ್ತದೆ. ಮುಳಬಾಗಿಲಿನ ಬೇಸಿಗೆಯ ಮಧ್ಯಾಹ್ನ ಮಾಳಿಗೆಯ ಮೇಲೆ ಹರವಿದ ಒದ್ದೆ ಬಟ್ಟೆ ಎಷ್ಟು ಬೇಗ ಒಣಗುತ್ತದೆಂದು ನಿಮಗೇ ಗೊತ್ತು. ಮಳೆಕಾಡಿನ ಮರದ ನೆರಳಲ್ಲಿ ಬೆಳೆದ ಜಾತಿಯ ಗಿಡಕ್ಕೆ ಆ ಮಾಳಿಗೆ ಬಲು ಕಷ್ಟದ ಜಾಗ. ಬೇರು ಎಳೆದುಕೊಳ್ಳುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಹೋಗುತ್ತದೆ. ಬೇರಿನಿಂದ ಅತಿ ದೂರದಲ್ಲಿರುವ ಎಲೆಯ ತುದಿ, ಅಂಚುಗಳೇ ಮೊದಲು ಸಾಯುತ್ತವೆ. ಇಂಥ ಗಿಡಗಳನ್ನು ಕೆಳಗಿಳಿಸಿ ನೆರಳಿನಲ್ಲಿ ಒತ್ತೊತ್ತಾಗಿ ಇಡಿ. ಒಂದು ಗಿಡ ಬಿಟ್ಟ ಆವಿ ಪಕ್ಕದ ಗಿಡದ ಸುತ್ತಲ ಗಾಳಿಯನ್ನು ಸ್ವಲ್ಪ ತೇವವಾಗಿಡುತ್ತದೆ.

ಮಾಲೂರಿನ ಕಡೆ ಬಸ್ಸಿನಲ್ಲಿ ಹೋಗುವಾಗ ಬಿಳಿ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸ್‌ಗಳನ್ನು ನೋಡಿರಬಹುದು. ಒಳಗೆ ಗುಲಾಬಿಯಂಥ ಹೂವಿನ ಬೆಳೆ ಇರುತ್ತದೆ. ಬೆಳಕು, ಗಾಳಿ, ತೇವ ಮೂರನ್ನೂ ಹಿಡಿತದಲ್ಲಿಡುವುದೇ ಆ ಹೊದಿಕೆಯ ಕೆಲಸ.

ನಮ್ಮ ಜಿಲ್ಲೆಯ ಗಿಡಗಳಿಗೆ ಇನ್ನೊಂದು ಕಷ್ಟವೂ ಇದೆ, ಅದು ಬೋರ್‌ವೆಲ್ ನೀರು. ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚಾಗಿದೆ. ಹಲ್ಲಿನ ಮೇಲೆ ಕಂದು ಕಲೆ ಬರುವುದು ಇದರಿಂದಲೇ. ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಬಂದಿರುವುದಕ್ಕೂ ಇದೇ ಒಂದು ಮುಖ್ಯ ಕಾರಣ. ಈ ಫ್ಲೋರೈಡ್ ಕೆಲವು ಗಿಡಗಳಿಗೂ ಆಗಿಬರುವುದಿಲ್ಲ. ಸ್ಪೈಡರ್ ಪ್ಲಾಂಟ್ ಮತ್ತು ಡ್ರಸೀನಾ ಅಂಥವು. ನೀರಿನ ಜೊತೆ ಫ್ಲೋರೈಡ್ ಬೇರಿನಿಂದ ಎಲೆಯ ತುದಿಯವರೆಗೆ ಹೋಗುತ್ತದೆ. ಅಲ್ಲಿ ನೀರು ಆವಿಯಾಗಿ ಹಾರಿಹೋಗುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ದಿನದಿನವೂ ಒಂದಿಷ್ಟು ಸೇರಿ ಸೇರಿ ಕೊನೆಗೆ ತುದಿಯ ಜೀವಕೋಶಗಳು ಸಾಯುತ್ತವೆ. ಹಲ್ಲಿಗೆ ಕಲೆ ಹಚ್ಚಿದ ವಸ್ತುವೇ ಎಲೆಯನ್ನೂ ಸುಡುತ್ತದೆ ಎಂಬುದನ್ನು ನಮ್ಮ ಕಡೆಯ ಮಕ್ಕಳು ತಿಳಿದಿರಲೇಬೇಕು.

ತುದಿ ಒಣಗಲು ಬೇರೆ ಕಾರಣಗಳೂ ಇರುತ್ತವೆ. ನಿಮ್ಮ ಮನೆಯಲ್ಲಿ ಯಾವುದು ನಿಜ ಎಂದು ಪರೀಕ್ಷಿಸಿ ನೋಡಬಹುದು, ಅದಕ್ಕೆ ಸ್ಪೈಡರ್ ಪ್ಲಾಂಟೇ ಸರಿ. ಅದು ಉದ್ದನೆಯ ಕಡ್ಡಿ ಚಾಚಿ, ಅದರ ತುದಿಯಲ್ಲಿ ಮರಿಗಳನ್ನು ಹಾಕುತ್ತದೆ. ಒಂದೇ ತಾಯಿಯ ಮರಿಗಳು ಗುಣದಲ್ಲಿ ತದ್ರೂಪ, ಅದಕ್ಕೇ ಹೋಲಿಸಿ ನೋಡಲು ಅನುಕೂಲ. ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಮರಿ ತೆಗೆದು, ಒಂದೇ ಬಗೆಯ ಮಣ್ಣಿನಲ್ಲಿ, ಒಂದೇ ಕಿಟಕಿಯ ಬಳಿ ಇಡಿ. ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಹಿಡಿದಿಟ್ಟ ಮಳೆನೀರು. ಹಳೆಯ ಎಲೆಗಳನ್ನು ನೋಡಬೇಡಿ, ಹೊಸದಾಗಿ ಬಂದ ಎಲೆಗಳ ತುದಿಯನ್ನು ಕೆಲವು ತಿಂಗಳು ಗಮನಿಸಿ ಬರೆದಿಡಿ. ಒಂದು ಎಚ್ಚರಿಕೆ: ಶುದ್ಧ ನೀರಿನ ಯಂತ್ರ ಹೊರಕ್ಕೆ ಬಿಡುವ ನೀರು ವ್ಯರ್ಥವಾಗುತ್ತದಲ್ಲ ಎಂದು ಈ ಗಿಡಗಳಿಗೆ ಹಾಕಬೇಡಿ. ಲವಣಗಳೆಲ್ಲ ಸೇರಿರುವುದು ಅದರಲ್ಲೇ.

ಹಾಗಾದರೆ ನಮ್ಮ ಒಣ ಹವೆಯಿಂದ ಗಿಡಗಳಿಗೆಲ್ಲ ಕೆಡುಕೇ? ಖಂಡಿತ ಅಲ್ಲ. ಶ್ರೀನಿವಾಸಪುರಕ್ಕೆ ಹೋಗಿ ನೋಡಿ. ಬಾದಾಮಿ, ರಸಪುರಿ, ತೋತಾಪುರಿ, ಮಲ್ಲಿಕಾ, ಸೆಂದೂರ, ನೀಲಂ... ರಸ್ತೆಯ ಎರಡೂ ಬದಿಗೆ ಮಾವಿನ ತೋಪೇ ತೋಪು. ಮಾವೂ ಉಷ್ಣವಲಯದ ಮರವೇ. ಆದರೆ ಅದು ಹೂ ಬಿಡಬೇಕಾದರೆ ಮಳೆ ನಿಂತು, ಮಣ್ಣು ಒಣಗಿ, ರಾತ್ರಿಗಳು ತಣ್ಣಗಾಗಬೇಕು. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದಲ್ಲಿರುವ ನಮ್ಮ ಬಯಲಿನಲ್ಲಿ ಡಿಸೆಂಬರ್, ಜನವರಿಯ ಹೊತ್ತಿಗೆ ಸರಿಯಾಗಿ ಇದೇ ಆಗುತ್ತದೆ. ಹೂ ಬಿಟ್ಟ ಮೇಲೆ ಮಳೆ, ಮೋಡ, ಮಂಜು ಹಿಡಿದರೆ ರೋಗ ಬಂದು ಹೂ ಕಪ್ಪಾಗಿ ಉದುರುತ್ತದೆ. ಮನಿ ಪ್ಲಾಂಟಿನ ಎಲೆ ಸುಡುವ ಒಣಗಾಳಿಯೇ ಮಾವಿನ ಹೂವನ್ನು ಕಾಯುತ್ತದೆ.

ತೋಪಿಗೆ ಹೋದಾಗ ಚಿಗುರಿನ ಹತ್ತಿರ ನಿಂತು ನೋಡಿ. ಎಳೆಯ ಎಲೆ ತಾಮ್ರದ ಬಣ್ಣದಲ್ಲಿ, ಮೃದುವಾಗಿ, ನೆಲದ ಕಡೆಗೆ ಜೋತು ಬಿದ್ದಿರುತ್ತದೆ. ಬಾಡಿದೆ ಎಂದುಕೊಳ್ಳಬೇಡಿ. ಹಸಿರು ಪತ್ರಹರಿತ್ತು ಅದರಲ್ಲಿ ಇನ್ನೂ ತುಂಬಿಲ್ಲ. ಆ ಕೆಂಪು ಬಣ್ಣ ಆಂಥೋಸಯನಿನ್ ಎಂಬ ವಸ್ತುವಿನದು. ಎಳೆಯ ಎಲೆಯನ್ನು ಕಟು ಬಿಸಿಲಿನಿಂದ ಕಾಪಾಡಲು ಅದು ನೆರವಾಗುತ್ತದೆ. ಜೋತು ಬಿದ್ದಿರುವುದರಿಂದ ನಡುಹಗಲಿನ ಬಿಸಿಲೂ ನೇರವಾಗಿ ಬೀಳುವುದಿಲ್ಲ. ಕೆಲವು ವಾರಗಳಲ್ಲಿ ಎಲೆ ಗಟ್ಟಿಯಾಗಿ, ಹಸಿರಾಗಿ, ಮೇಲಕ್ಕೇಳುತ್ತದೆ. ಹೂವಿನ ಗೊಂಚಲನ್ನೂ ನೋಡಿ. ಒಂದೊಂದರಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಸಣ್ಣ ಹೂಗಳಿರುತ್ತವೆ, ಹಣ್ಣಾಗುವುದು ಬೆರಳೆಣಿಕೆಯಷ್ಟು ಮಾತ್ರ. ಪರಾಗ ಹೊರುವ ಕೆಲಸದಲ್ಲಿ ಜೇನುನೊಣದ ಜೊತೆಗೆ ನಾವು ಗದರಿ ಓಡಿಸುವ ಸಾಮಾನ್ಯ ನೊಣಗಳದೂ ದೊಡ್ಡ ಪಾಲಿದೆ. ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ, ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ. ಮೇಷ್ಟರ ಜೊತೆ ಅನುಮತಿ ಪಡೆದು ಹೋದರೆ ಕಸಿ ಕಟ್ಟುವುದನ್ನು ಕಣ್ಣಾರೆ ನೋಡಬಹುದು.

ಬ್ರಹ್ಮಕಮಲದ ಮಾತನ್ನೂ ಹೇಳಿಬಿಡುತ್ತೇನೆ. ಮಳೆಗಾಲದ ಯಾವುದೋ ಒಂದು ರಾತ್ರಿ ಅದು ಅರಳುತ್ತದೆಂದು ಬೀದಿಯವರೆಲ್ಲ ಸೇರಿ ಕಾಯುತ್ತಾರಲ್ಲ, ಆ ಗಿಡ ಮೆಕ್ಸಿಕೋ ಕಡೆಯ ಕಾಡಿನ ಕಳ್ಳಿ. ನಾವು ಎಲೆ ಎನ್ನುವುದು ನಿಜವಾಗಿ ಚಪ್ಪಟೆಯಾದ ಕಾಂಡ. ಅದಕ್ಕೇ ಅದರ ಅಂಚಿನಿಂದ ಮೊಗ್ಗು ಬರುತ್ತದೆ, ಅದನ್ನು ನೆಟ್ಟರೆ ಗಿಡವಾಗುತ್ತದೆ. ತನ್ನ ಊರಿನಲ್ಲಿ ಅದು ಮರದ ಕೊಂಬೆಗಳ ಮೇಲೆ ಬೆಳೆಯುತ್ತದೆ. ಬಿಳಿ ಬಣ್ಣ, ರಾತ್ರಿಯ ಪರಿಮಳ ಎರಡೂ ಕತ್ತಲಲ್ಲಿ ಹಾರುವ ಪತಂಗಗಳನ್ನು ಕರೆಯುವುದಕ್ಕೆ. ಮೆಕ್ಸಿಕೋ ಬಿಟ್ಟು ಎಷ್ಟು ದೂರ ಬಂದರೂ ಅದು ಅರಳುವುದು ರಾತ್ರಿಯೇ.

ಇನ್ನು ಪ್ರಯಾಣದ ಮಾತು. ಮಾಲೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವವರು ಒಂದು ಬೆಳಗ್ಗೆಯನ್ನು ಲಾಲ್‌ಬಾಗ್‌ಗೆ ಮೀಸಲಿಡಲೇಬೇಕು. 1760ರಲ್ಲಿ ಹೈದರ್ ಅಲಿ ಆರಂಭಿಸಿದ ತೋಟ ಅದು. ಟಿಪ್ಪು ಸುಲ್ತಾನ್ ಹೊರದೇಶಗಳಿಂದ ಗಿಡ, ಬೀಜಗಳನ್ನು ತರಿಸಿ ಅದನ್ನು ಬೆಳೆಸಿದ. ಅಲ್ಲಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಫಲಪುಷ್ಪ ಪ್ರದರ್ಶನಕ್ಕೆ ಎಲ್ಲರೂ ಹೋಗುತ್ತಾರೆ. ನನ್ನ ಕೇಳಿದರೆ, ಗದ್ದಲವಿಲ್ಲದ ಸಾಮಾನ್ಯ ದಿನವೇ ಗಿಡ ನೋಡುವುದಕ್ಕೆ ಒಳ್ಳೆಯದು. ದೈತ್ಯ ಬಿಳಿ ಬೂರುಗದ ಬುಡದಲ್ಲಿ ಗೋಡೆಗೋಡೆಯಾಗಿ ಎದ್ದಿರುವ ಆಸರೆ ಬೇರುಗಳನ್ನು ನೋಡಿ. ಆಳಕ್ಕೆ ಬೇರಿಳಿಸದೆ ಎತ್ತರಕ್ಕೆ ಬೆಳೆಯುವ ಮಳೆಕಾಡಿನ ಮರ ಬೀಳದಂತೆ ನಿಲ್ಲುವುದು ಹೀಗೆ.

ಹಳೆಯ ತೋಟಗಳಲ್ಲಿ ಮರವನ್ನು ಹಬ್ಬಿಕೊಂಡ ಮನಿ ಪ್ಲಾಂಟ್ ಸಿಕ್ಕರೆ ಸುಮ್ಮನೆ ದಾಟಿ ಹೋಗಬೇಡಿ. ಮನೆಯಲ್ಲಿ ಅಂಗೈಯಷ್ಟಿದ್ದ ಎಲೆ ಅಲ್ಲಿ ಮೊರದಗಲ ಆಗಿರುತ್ತದೆ, ಅಂಚಿನಲ್ಲಿ ಸೀಳೂ ಬಿಟ್ಟಿರುತ್ತದೆ. ಎರಡೂ ಒಂದೇ ಜಾತಿ. ಮರಕ್ಕೆ ಬೇರು ಕಚ್ಚಿ ಮೇಲೇರುತ್ತಾ ಹೋದಂತೆ ಅದು ದೊಡ್ಡ ಎಲೆ ಹಾಕುತ್ತದೆ, ಕೆಳಕ್ಕೆ ಇಳಿಬಿಟ್ಟರೆ ಎಲೆ ಚಿಕ್ಕದಾಗುತ್ತದೆ. ಮನೆಯಲ್ಲಿ ಒಂದು ಬಳ್ಳಿಯನ್ನು ತೆಂಗಿನ ನಾರು ಸುತ್ತಿದ ಕೋಲಿಗೆ ಹಬ್ಬಿಸಿ, ಇನ್ನೊಂದನ್ನು ಇಳಿಬಿಟ್ಟು, ಸ್ಕೇಲಿನಿಂದ ಎಲೆ ಅಳೆಯಿರಿ. ಎಲೆಯನ್ನು ಬಾಯಿಗೆ ಮಾತ್ರ ಇಡಬೇಡಿ. ಅದು ಕೆಸುವಿನ ಕುಟುಂಬದ ಗಿಡ. ಕೆಸು ತಿಂದಾಗ ಬಾಯಿ ತುರಿಸುವಂತೆ ಮಾಡುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಇದರಲ್ಲೂ ಇವೆ.

ಕುಂಡದಲ್ಲಿ ಗಿಡ ಎಷ್ಟು ಕಾಲ ಬದುಕೀತು ಎಂದು ಕೇಳುತ್ತೀರಾ? ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದ, ಸೈಕಾಡ್ ಎಂಬ ಜಾತಿಯ ಒಂದು ಗಿಡ ಇದೆ. ಫ್ರಾನ್ಸಿಸ್ ಮ್ಯಾಸನ್ ಎಂಬಾತ 1775ರಲ್ಲಿ ತಂದದ್ದು, ಈಗಲೂ ಕುಂಡದಲ್ಲೇ ಇದೆ. ಚಳಿಯ ದೇಶದಲ್ಲಿ ಅದಕ್ಕೆ ಗಾಜಿನ ಮನೆಯೊಳಗೆ ಅದರ ಊರಿನ ಬೆಚ್ಚಗಿನ ಹವೆಯನ್ನು ಒದಗಿಸಿ ಇಷ್ಟು ಕಾಲ ಉಳಿಸಿಕೊಂಡಿದ್ದಾರೆ.

ಮುಂದಿನ ಸಲ ಯಾವ ತೋಟಕ್ಕೆ ಹೋದರೂ ಒಂದು ನೋಟ್‌ಬುಕ್, ಪೆನ್ಸಿಲ್ ಜೊತೆಗಿರಲಿ. ಗಿಡದ ಪಕ್ಕದ ಫಲಕದಲ್ಲಿ ಹೆಸರಿನ ಜೊತೆ ಅದರ ತವರೂ ಬರೆದಿದ್ದರೆ ಬರೆದುಕೊಳ್ಳಿ, ಫಲಕವಿಲ್ಲದಿದ್ದರೆ ಮಾಲಿಯವರನ್ನು ಕೇಳಿ. ಎಲೆ ಬೇಕಿದ್ದರೆ ಉದುರಿದ್ದನ್ನು ಆರಿಸಿಕೊಳ್ಳಿ, ಗಿಡದಿಂದ ಕೀಳಬೇಡಿ. ಮನೆಗೆ ಬಂದ ಮೇಲೆ ಭೂಪಟದಲ್ಲಿ ಆ ಊರನ್ನು ಹುಡುಕಿ, ಅಲ್ಲಿ ಎಷ್ಟು ಮಳೆ, ಎಂಥ ನೆರಳು ಎಂದು ತಿಳಿದುಕೊಂಡು, ಆಮೇಲೆ ನಿಮ್ಮ ಕುಂಡಕ್ಕೆ ನೀರು ಹಾಕಿ.