ಎಲುಬಿನ ಇಂಜೆಕ್ಷನ್ ಮತ್ತು ಅವ್ವನ ಮಾತು

ಊಟ ಆಗಿದೆ, ಜೇಜುರಿಯ ಬಿಸಿಲೂ ಏರಿದೆ. ಹತ್ತೇ ನಿಮಿಷದಲ್ಲಿ ಮುಗಿಸ್ತೀನಿ.

ನಾನು ಡಾಕ್ಟರ್ ಅಲ್ಲ. ಪುಣೆಯ ಒಂದು ಐಟಿ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಊರು ರಾಣೆಬೆನ್ನೂರಿನ ಹತ್ತಿರ. ನಮ್ಮ ಅವ್ವನಿಗೆ ಸ್ತನ ಕ್ಯಾನ್ಸರ್, ಅದು ಬೆನ್ನಿನ ಮತ್ತು ಸೊಂಟದ ಎಲುಬಿಗೆ ಹರಡಿದೆ. ಎರಡು ವರ್ಷದಿಂದ ನಮ್ಮ ಜೊತೆ ಇಲ್ಲೇ ಇದ್ದಾಳೆ. ಇದನ್ನೆಲ್ಲ ಹೇಳಲಾ ಅಂತ ಕೇಳಿದಾಗ, "ಹೇಳವ್ವಾ, ಮಂದಿಗರ ಅನುಕೂಲ ಆಗ್ಲಿ" ಅಂದಳು.

ಮೊದಲು, ಈ ಇಂಜೆಕ್ಷನ್ ಯಾಕೆ? ನಮ್ಮ ಎಲುಬು ದಿನಾ ಸ್ವಲ್ಪ ಸವೆಯುತ್ತೆ, ಸ್ವಲ್ಪ ಹೊಸದಾಗಿ ಕಟ್ಟಿಕೊಳ್ಳುತ್ತೆ. ಸವೆಸುವ ಜೀವಕೋಶ ಬೇರೆ, ಕಟ್ಟುವ ಜೀವಕೋಶ ಬೇರೆ. ಕ್ಯಾನ್ಸರ್ ಬಂದು ಕೂತರೆ ಸವೆಸುವ ಜೀವಕೋಶಗಳಿಗೆ ಕುಮ್ಮಕ್ಕು ಸಿಗುತ್ತೆ. ಎಲುಬು ಟೊಳ್ಳಾಗಿ, ಸಣ್ಣ ಪೆಟ್ಟಿಗೂ ಮುರಿಯಬಹುದು. ಆ ಸವೆತವನ್ನ ಈ ಇಂಜೆಕ್ಷನ್ ತಡೆಯುತ್ತೆ. ಅಂದರೆ ಇದು ಎಲುಬಿನ ಕಾವಲು. ಕ್ಯಾನ್ಸರ್‌ಗೆ ಕೊಡೋ ಔಷಧ ಬೇರೆ, ಅದನ್ನ ಬಿಡುವಂತಿಲ್ಲ.

ಸಾಮಾನ್ಯವಾಗಿ ಕೊಡೋದು ಎರಡು ಔಷಧ. ಒಂದು ಝೋಲೆಡ್ರಾನಿಕ್ ಆ್ಯಸಿಡ್: 4 ಮಿಲಿಗ್ರಾಂ, ರಕ್ತನಾಳದ ಮೂಲಕ, ಕನಿಷ್ಠ 15 ನಿಮಿಷ ನಿಧಾನವಾಗಿ. ಇನ್ನೊಂದು ಡೆನೋಸುಮಾಬ್: 120 ಮಿಲಿಗ್ರಾಂ, ಚರ್ಮದ ಕೆಳಗೆ, ನಾಲ್ಕು ವಾರಕ್ಕೊಮ್ಮೆ. ಅವ್ವನಿಗೆ ಕೊಡ್ತಿರೋದು ಮೊದಲನೆಯದು.

ಶುರು ಮಾಡೋ ಮುಂಚೆ ಡಾಕ್ಟರ್ ನಮ್ಮನ್ನ ಹಲ್ಲಿನ ಡಾಕ್ಟರ್ ಹತ್ತಿರ ಕಳಿಸಿದರು. ಅವ್ವನಿಗೆ ನಗು. "ನೋವು ಸೊಂಟದಾಗ, ಇವ್ರು ಹಲ್ಲು ನೋಡ್ತಾರ." ಕಾರಣ ಇದೆ. ಈ ಎರಡೂ ಔಷಧ ತಗೊಳ್ಳೋರಲ್ಲಿ ಕೆಲವರಿಗೆ, ಅಂದಾಜು ನೂರಕ್ಕೆ ಒಬ್ಬರಿಬ್ಬರಿಗೆ, ದವಡೆಯ ಎಲುಬು ಕೆಡುತ್ತೆ. ಹಲ್ಲು ಕಿತ್ತ ಜಾಗ ಮಾಯೋದಿಲ್ಲ. ಅವ್ವನಿಗೆ ಒಂದು ದವಡೆ ಹಲ್ಲು ಅಲ್ಲಾಡ್ತಿತ್ತು. ಅದನ್ನ ಮೊದಲೇ ಕೀಳಿಸಿ, ಗಾಯ ಪೂರ್ತಿ ಮಾಯ್ದ ಮೇಲೇ ಮೊದಲ ಡೋಸ್ ಕೊಟ್ಟರು. ಪ್ರತಿ ಡೋಸಿಗೂ ಮುಂಚೆ ಕ್ರಿಯಾಟಿನಿನ್ ನೋಡ್ತಾರೆ, ಕಿಡ್ನಿಗೆ ತೊಂದರೆ ಆಗಬಾರದು ಅಂತ. ಕ್ಯಾಲ್ಸಿಯಂ ಇಳಿಯದ ಹಾಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ ಇದೆ.

ಮೊದಲ ಡೋಸ್ ಆದ ರಾತ್ರಿ ಜ್ವರ, ಚಳಿ, ಮೈಕೈ ನೋವು. ಹೀಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ. ಪ್ಯಾರಾಸಿಟಮಾಲ್, ಗಂಜಿ, ನೀರು. ಎರಡು ದಿನಕ್ಕೆ ಇಳೀತು. ಎರಡನೇ ಡೋಸಿನಿಂದ ಹಾಗೆ ಆಗಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. ಆಸ್ಪತ್ರೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್. ನಡುವೆ ನಾವು ಮಕ್ಕಳು. ನಮ್ಮ ಕೆಲಸದಲ್ಲಿ ಯಾರಾದರೂ "ವರ್ಕ್ ಆಗ್ತಿಲ್ಲ" ಅಂತ ಬಗ್ ಬರೆದರೆ ವಾಪಸ್ ಕಳಿಸ್ತೀವಿ ಅಲ್ವಾ? ಏನು ಕಂಡಿತೋ ಅದನ್ನೇ ಬರಿ ಅಂತೀವಿ. ಅಪ್ಪ ಅಮ್ಮನ ವಿಷಯದಲ್ಲೂ ಅದೇ ನಿಯಮ ಬೇಕು. ಸೆಳೆತ, ಚಳಕು, ಉರಿ, ಜೋಮು, ಇವೆಲ್ಲ ಬೇರೆ ಬೇರೆ. ಎಲ್ಲವನ್ನೂ ಸೇರಿಸಿ "ಪೇನ್" ಅಂದುಬಿಟ್ಟರೆ ಡಾಕ್ಟರ್‌ಗೆ ಏನೂ ತಿಳಿಯಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಅವ್ವ ಅಂದಳು, "ಕಾಲು ಜೋಮು ಹಿಡದಾವ. ಹತ್ತಿ ಮ್ಯಾಲೆ ಕಾಲಿಟ್ಟಂಗ ಆಗತೈತಿ." ನಾನು ಹಾಗೇ ಬರೆದುಕೊಂಡು, ಫೋನಿನಲ್ಲಿ ಪದಕ್ಕೆ ಪದ ಹಿಂದಿಯಲ್ಲಿ ಹೇಳಿದೆ. ಆ ಕಡೆಯಿಂದ ಒಂದೇ ಮಾತು: ಈಗಲೇ ಕರ್ಕೊಂಡು ಬನ್ನಿ. ಅವತ್ತೇ ಎಂಆರ್‌ಐ ಆಯ್ತು. ಬೆನ್ನಿನ ಒಂದು ಮಣಿಯಿಂದ ಗಡ್ಡೆ ಬೆಳೆದು ಬೆನ್ನುಹುರಿಯನ್ನ ಒತ್ತುತ್ತಿತ್ತು. ಸ್ಟೀರಾಯ್ಡ್ ಶುರು ಮಾಡಿದರು, ಮರುದಿನದಿಂದ ರೇಡಿಯೇಷನ್. ಅವ್ವ ಇವತ್ತೂ ನಡೀತಾಳೆ. ಇಂಜೆಕ್ಷನ್ ಅಪಾಯ ಕಡಿಮೆ ಮಾಡುತ್ತೆ, ಇಲ್ಲವಾಗಿಸಲ್ಲ. ಕಾಲಿನಲ್ಲಿ ಜೋಮು ಅಥವಾ ಬಲ ಕಡಿಮೆ, ಮೂತ್ರ-ಮಲದ ಹಿಡಿತ ತಪ್ಪೋದು, ಬೆನ್ನಿನಲ್ಲಿ ಹೊಸ ಜೋರು ನೋವು: ಇವು ನಾಳೆಗೆ ಇಡೋ ಮಾತಲ್ಲ.

ಒಂದು ವರ್ಷ ಆದಮೇಲೆ ಅವ್ವನ ಡೋಸನ್ನ ಡಾಕ್ಟರ್ ಮೂರು ತಿಂಗಳಿಗೊಮ್ಮೆ ಮಾಡಿದರು. 2017ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಪ್ರಕಟವಾಯ್ತು. 1822 ರೋಗಿಗಳು, ಎಲ್ಲರಿಗೂ ಕ್ಯಾನ್ಸರ್ ಎಲುಬಿಗೆ ತಗುಲಿತ್ತು. ಝೋಲೆಡ್ರಾನಿಕ್ ಆ್ಯಸಿಡನ್ನ 4 ವಾರಕ್ಕೊಮ್ಮೆ ತಗೊಂಡವರಿಗೂ 12 ವಾರಕ್ಕೊಮ್ಮೆ ತಗೊಂಡವರಿಗೂ ಎರಡು ವರ್ಷದಲ್ಲಿ ಎಲುಬು ಮುರಿಯೋದು ಮುಂತಾದ ತೊಂದರೆ ಹೆಚ್ಚುಕಡಿಮೆ ಒಂದೇ. ಊರಿಂದ ಅಪ್ಪ ಅಮ್ಮನ್ನ ರಾತ್ರಿ ಬಸ್ಸಿನಲ್ಲಿ ಕರೆಸೋರಿಗೆ ಇದು ಸಣ್ಣ ವಿಷಯ ಅಲ್ಲ. ವರ್ಷಕ್ಕೆ ಹದಿಮೂರು ಪ್ರಯಾಣದ ಬದಲು ನಾಲ್ಕೈದು. ಆದರೆ ನಿಮ್ಮವರಿಗೆ ಸರಿಹೋಗುತ್ತಾ ಅಂತ ಡಾಕ್ಟರ್‌ನೇ ಕೇಳಿ. ಡೆನೋಸುಮಾಬ್‌ಗೆ ಈ ಲೆಕ್ಕ ಹಾಕಬೇಡಿ. ಅದನ್ನ ತಡ ಮಾಡಿದರೆ, ನಿಲ್ಲಿಸಿದರೆ ಸವೆತ ಮತ್ತೆ ಜೋರಾಗಬಹುದು.

ಜೇಜುರಿಗೆ ಬರೋಣ ಅಂದಿದ್ದೂ ಅವ್ವನೇ. ನಮ್ಮ ದೇವರಗುಡ್ಡದ ಮೈಲಾರಲಿಂಗನೇ ಇಲ್ಲಿಯ ಖಂಡೋಬಾ, ಅಲ್ಲೂ ಏಳುಕೋಟಿ, ಇಲ್ಲೂ ಯಳಕೋಟ ಅನ್ನೋದು ಅವಳ ಲೆಕ್ಕ. ಮೆಟ್ಟಿಲು ಹತ್ತಬಹುದಾ ಅಂತ ಡಾಕ್ಟರ್‌ಗೆ ಕೇಳಿದ್ವಿ. ಸಮ ನೆಲದಲ್ಲಿ ಎಷ್ಟು ಬೇಕಾದರೂ ನಡೀಲಿ, ಭಂಡಾರ ಚೆಲ್ಲಿ ಜಾರೋ ಕಲ್ಲಿನ ಮೇಲೆ ಬೇಡ ಅಂದರು. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿಯನ್ನ ಎತ್ತಿಕೊಂಡು ಮೆಟ್ಟಿಲು ಹತ್ತೋ ಪದ್ಧತಿ ಇಲ್ಲಿದೆಯಲ್ಲ, ಅಪ್ಪ ಅದಕ್ಕೂ ತಯಾರಿದ್ದರು. "ನೀವು ಬಿದ್ರ ನಿಮಗೂ ಇಂಜೆಕ್ಷನ್ ಬೇಕಾಗತೈತಿ" ಅಂದಳು ಅವ್ವ. ಮೊದಲ ಮೆಟ್ಟಿಲಿಗೇ ಭಂಡಾರ ಹಾಕಿ ಕೈಮುಗಿದಳು.

ಮನೆಗೆ ಹೋಗಿ ಒಂದು ಕೆಲಸ ಮಾಡಿ. ಫೋನಿನಲ್ಲಿ ಒಂದು ನೋಟ್ ತೆರೆದು ನಾಲ್ಕು ಸಾಲು ಬರೆದಿಡಿ: ಹಲ್ಲು, ಕಿಡ್ನಿ, ಕ್ಯಾಲ್ಸಿಯಂ, ಎಷ್ಟು ವಾರಕ್ಕೊಮ್ಮೆ. ಐದನೇ ಸಾಲು ಅವರ ಮಾತಿಗೆ. ಅವರು ಹೇಳಿದ್ದನ್ನ ಅವರ ಕನ್ನಡದಲ್ಲೇ, ತಾರೀಖು ಹಾಕಿ ಬರೀರಿ. ಡಾಕ್ಟರ್ ಮುಂದೆ ಅದನ್ನೇ ಓದಿ ಹೇಳಿ. ಪ್ರಶ್ನೆ ಇದ್ದರೆ ಕೇಳಿ. ಅವ್ವ ಮುಂದಿನ ಸಾಲಿನಲ್ಲೇ ಇದ್ದಾಳೆ, ಅವಳನ್ನೂ ಕೇಳಬಹುದು.