ಹಾಜರಿಗೆ ಸಿಗದ ಭಕ್ತಿ: ಮಾಲ್ಟಾದ ಹರೆಯದವರು ಮತ್ತು ಧರ್ಮ

ಮಾಲ್ಟಾ ದ್ವೀಪದಲ್ಲಿ ಹತ್ತು ಹದಿನೈದು ವರ್ಷಗಳಿಗೊಮ್ಮೆ ಭಾನುವಾರದ ಬಲಿಪೂಜೆಗೆ ಬಂದವರ ತಲೆ ಎಣಿಸುತ್ತಾರೆ. 1967ರಲ್ಲಿ ನೂರಕ್ಕೆ 82ರಷ್ಟಿದ್ದ ಹಾಜರಿ 1995ರ ಹೊತ್ತಿಗೆ 63ಕ್ಕೆ, 2005ರಲ್ಲಿ 53ಕ್ಕೆ ಬಂತು. 2017ರಲ್ಲಿ ಅದು ನಲವತ್ತರ ಆಸುಪಾಸಿಗೆ ಕುಸಿದಿತ್ತು. ಹಾಗಿದ್ದೂ 2021ರ ಜನಗಣತಿಯಲ್ಲಿ ಹದಿನೈದು ದಾಟಿದವರ ಪೈಕಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ತಾವು ಕ್ಯಾಥೋಲಿಕರೆಂದೇ ಬರೆಸಿದರು. ಈ ಎರಡು ಲೆಕ್ಕಗಳ ನಡುವಿನ ಜಾಗದಲ್ಲಿಯೇ ಅಲ್ಲಿನ ಹರೆಯದವರು ನಿಂತಿದ್ದಾರೆ. ಅವರಿಗೆ ಧರ್ಮ ಬೇಡವಾಗಿದೆ ಎಂದು ಗೊಣಗುವವರು ಮೊದಲನೆಯ ಲೆಕ್ಕವನ್ನಷ್ಟೇ ಓದುತ್ತಾರೆ. ಆ ಮಕ್ಕಳು ಕೈಬಿಟ್ಟಿರುವುದು ಧರ್ಮದ ಅಪ್ಪಣೆಯನ್ನು, ಅದರ ನಂಟು ಇನ್ನೂ ಗಟ್ಟಿಯಾಗಿದೆ ಎಂಬುದು ನನ್ನ ವಾದ.

ಅಪ್ಪಣೆಯ ಭಾರ ಅಲ್ಲಿ ಎಷ್ಟಿತ್ತೆಂದು ಮೊದಲು ನೋಡಬೇಕು. 316 ಚದರ ಕಿಲೋಮೀಟರಿನ ಈ ಪುಟ್ಟ ದೇಶ, ಸಂತ ಪೌಲ ಹಡಗು ಒಡೆದು ದಡ ಸೇರಿದ್ದು ತಮ್ಮಲ್ಲಿಗೇ ಎಂದು ನಂಬುತ್ತದೆ. ಮಾತಾಡುವ ಭಾಷೆ ಅರಬ್ಬಿಯ ಕವಲು. ಕಟ್ಟಾ ಕ್ಯಾಥೋಲಿಕರು ದೇವರನ್ನು ‘ಅಲ್ಲಾ’ ಎಂದೂ ತಪಸ್ಸುಕಾಲವನ್ನು ‘ರಂದಾನ್’ ಎಂದೂ ಕರೆಯುವ ಸೊಗಸು ಬೇರೆಲ್ಲೂ ಸಿಗಲಾರದು. ಸಂವಿಧಾನದ ಎರಡನೆಯ ವಿಧಿಯೇ ಕ್ಯಾಥೋಲಿಕ್ ಧರ್ಮವನ್ನು ದೇಶದ ಧರ್ಮವೆಂದು ಸಾರಿ, ಸರಿ ತಪ್ಪು ಯಾವುದೆಂದು ಹೇಳುವ ಹಕ್ಕನ್ನು ಚರ್ಚಿಗೆ ಕೊಟ್ಟಿದೆ. ಸರ್ಕಾರಿ ಶಾಲೆಯಲ್ಲೂ ಧರ್ಮಪಾಠವಿದೆ. ಶಾಲೆ ಬಿಟ್ಟ ಮೇಲೆ ಊರಿನ ಮಕ್ಕಳು ಹೋಗುವುದು, 1907ರಲ್ಲಿ ಜಾರ್ಜ್ ಪ್ರೆಕಾ ಸ್ಥಾಪಿಸಿದ ‘ಮುಜೇಉಮ್’ ಎಂಬ ಸಂಘದ ಧರ್ಮೋಪದೇಶಕ್ಕೆ. ಏಳರ ಸುಮಾರಿಗೆ ಪ್ರಥಮ ಪರಮಪ್ರಸಾದ, ಹನ್ನೊಂದರ ಸುಮಾರಿಗೆ ದೃಢೀಕರಣ. ಅಲ್ಲಿಗೆ ಬಹುಪಾಲು ಮಕ್ಕಳ ಪಾಠ ಮುಗಿಯುತ್ತದೆ. ಪ್ರಶ್ನೆಗಳು ಹುಟ್ಟುವ ವಯಸ್ಸು ಬರುವ ಮುನ್ನವೇ ಉತ್ತರ ಕೊಟ್ಟು ಕಳಿಸುವ ಏರ್ಪಾಡು ಇದು!

ಆಮೇಲೆ ಅವರು ಸಿಗುವುದು ಬೇಸಿಗೆಯ ‘ಫೆಸ್ತಾ’ದಲ್ಲಿ. ಊರ ಸಂತನ ಹಬ್ಬದ ಬೆಳಗಿನ ಮೆರವಣಿಗೆಯಲ್ಲಿ ಬ್ಯಾಂಡು ಬಾರಿಸುತ್ತಾರೆ. ಬಾಲ್ಕನಿಗಳಿಂದ ಕಾಗದದ ಚೂರು ಮಳೆಯಂತೆ ಸುರಿಯುತ್ತದೆ. ತಮ್ಮ ಬ್ಯಾಂಡ್ ಕ್ಲಬ್ಬಿನ ಬಣ್ಣದ ಅಂಗಿ ತೊಟ್ಟ ಹುಡುಗರು ಗೆಳೆಯರ ಹೆಗಲೇರಿ ಸಂತನ ಹೆಸರು ಕೂಗುತ್ತಾರೆ. ಸಂಜೆ ಸಂತನ ಸ್ವರೂಪ ಹೊರುವವರ ಹೆಗಲು ಕೆಂಪಾಗಿರುತ್ತದೆ. ಇದೇನು ಭಕ್ತಿಯೇ, ಬಿಯರು ಬಾಣಬಿರುಸಿನ ಗದ್ದಲವಲ್ಲವೇ ಎಂಬ ಆಕ್ಷೇಪ ಸುಳ್ಳಲ್ಲ. ಪಕ್ಕದ ಬೀದಿಯ ಕ್ಲಬ್ಬಿನ ಮೇಲಿನ ಹಟವನ್ನು ನಾನು ಪ್ರಾರ್ಥನೆ ಎನ್ನಲಾರೆ. ಆದರೆ ಮಾನವಶಾಸ್ತ್ರಜ್ಞ ಜೆರೆಮಿ ಬೋಸೆವೆನ್ 1965ರಲ್ಲಿ ಈ ಹಬ್ಬಗಳು ಸೊರಗುತ್ತಿವೆ ಎಂದು ಬರೆದಿದ್ದರು. ಮುಂದೆ ಅವು ಬೆಳೆದದ್ದನ್ನು ಅವರೇ ಕಂಡು ಒಪ್ಪಿಕೊಂಡರು. ಪೂಜೆಯ ಹಾಜರಿ ಇಳಿದ ಅದೇ ದಶಕಗಳಲ್ಲಿ ಹಬ್ಬ ಬೆಳೆಯಿತು ಎಂಬುದನ್ನು ಬರೀ ಮೋಜು ಎಂದು ತಳ್ಳಿಹಾಕಲು ಆಗುವುದಿಲ್ಲ.

ಮೌಲ್ಯಗಳ ವಿಷಯದಲ್ಲಿ ಪಾದ್ರಿಗಳ ಆಕ್ಷೇಪ ಇನ್ನೂ ತೂಕದ್ದು: ಬೇಕಾದ್ದನ್ನು ಆರಿಸಿ ಬೇಡದ್ದನ್ನು ಬಿಡುವುದು ನಂಬಿಕೆಯೇ? ನಿಜ, ದೇಶವೇ ಹಾಗೆ ಆರಿಸಿದೆ. 2011ರ ಜನಮತಗಣನೆಯಲ್ಲಿ ನೂರಕ್ಕೆ 53 ಮಂದಿ ವಿಚ್ಛೇದನಕ್ಕೆ ಹೂಂ ಎಂದರು, 2017ರಲ್ಲಿ ಸಲಿಂಗಿಗಳ ಮದುವೆಗೆ ಕಾನೂನು ಬಂತು. ಗರ್ಭಪಾತಕ್ಕೆ ಮಾತ್ರ ಇವತ್ತಿಗೂ ಯೂರೋಪಿನ ಅತಿ ಬಿಗಿಯಾದ ನಿರ್ಬಂಧಗಳಲ್ಲಿ ಒಂದು ಅಲ್ಲಿದೆ. ಮೂರರಲ್ಲೂ ಚರ್ಚಿನ ಮಾತು ‘ಬೇಡ’ ಎಂದೇ ಇತ್ತು. ಧರ್ಮವನ್ನು ಪೂರ್ತಿ ತೊರೆದ ಸಮಾಜ ಹೀಗೆ ಒಂದೊಂದನ್ನೂ ಬೇರೆ ಬೇರೆಯಾಗಿ ತೂಗುತ್ತಿರಲಿಲ್ಲ. ಈ ತೂಗಾಟದಲ್ಲಿ ಬೆಳೆದ ಹದಿನಾರರ ಮಕ್ಕಳಿಗೆ 2018ರಿಂದ ಮತದಾನದ ಹಕ್ಕೂ ಇದೆ. ಆರಿಸುವ ಚಾಳಿಯನ್ನು ಇವರೇ ಶುರುಮಾಡಿದರು ಎನ್ನುವವರು 1960ರ ದಶಕವನ್ನು ಮರೆಯುತ್ತಾರೆ. ಲೇಬರ್ ಪಕ್ಷದ ಪತ್ರಿಕೆ ಓದುವುದೂ ಆಗ ಮಹಾಪಾಪವೆಂದು ಚರ್ಚು ಸಾರಿತ್ತು. ಆದರೂ 1962ರ ಚುನಾವಣೆಯಲ್ಲಿ ಮೂವರಲ್ಲಿ ಒಬ್ಬರಂತೆ ಆ ಪಕ್ಷಕ್ಕೇ ಮತ ಹಾಕಿದರು. ಅವರು ಇಂದಿನ ಹುಡುಗರ ಅಜ್ಜ ಅಜ್ಜಿಯರು. ಆ ಪಕ್ಷದ ಮುಖಂಡರಲ್ಲಿ ಆಗ ತೀರಿಕೊಂಡವರನ್ನು ಪವಿತ್ರ ಮಣ್ಣಿಗೆ ಸೇರಿಸದೆ, ಜನ ‘ತಿಪ್ಪೆ’ ಎಂದು ಕರೆಯುತ್ತಿದ್ದ ಸ್ಮಶಾನದ ಮೂಲೆಯಲ್ಲಿ ಹೂಳಲಾಗಿತ್ತು.